ಸಿಗ್ನೇಚರ್ ಮತ್ತು ಅನುಷ್ಠಾನ: ಮಾಡ್ಯೂಲ್ ವಿಚಾರದ ಐದು ದಶಕಗಳು

ಒಬ್ಬನೇ ಕುಳಿತು ಮೊದಲಿನಿಂದ ಕಡೆಯವರೆಗೆ ತಾನೇ ಬರೆದು ಮುಗಿಸುವ ಪ್ರೋಗ್ರಾಮುಗಳ ಕಾಲ ಎಂದೋ ಕಳೆದುಹೋಯಿತು. ಇಂದು ಹ್ಯಾಸ್ಕೆಲ್ ಭಾಷೆಯಲ್ಲಾಗಲಿ ಓಕ್ಯಾಮಲ್ ಭಾಷೆಯಲ್ಲಾಗಲಿ ಸಾಧಾರಣವಾದೊಂದು ಕೆಲಸಕ್ಕೆ ಕೈಹಾಕಿದವನು, ತಾನು ಕಂಡರಿಯದ ಹತ್ತಾರು ಜನರು ಬರೆದು ಸರ್ವರ ಉಪಯೋಗಕ್ಕೆಂದು ಇರಿಸಿರುವ ಪ್ಯಾಕೇಜುಗಳನ್ನು ತಂದು, ಅವುಗಳ ಮೇಲೆ ತನ್ನದೊಂದು ಪದರವನ್ನು ಕಟ್ಟುತ್ತಾನೆ. ಆ ಪ್ಯಾಕೇಜುಗಳು ಬೇರೆ ಪ್ಯಾಕೇಜುಗಳನ್ನೂ, ಅವು ಇನ್ನೂ ಬೇರೆಯವನ್ನೂ ಆಶ್ರಯಿಸಿರುತ್ತವೆ. ಈ ಆಶ್ರಯ ಎರಡು ಬಗೆಯದಾಗಿರಬಹುದು. ನನಗೆ ಇಂಥ ಹೆಸರಿನ ಪ್ಯಾಕೇಜೇ ಬೇಕು ಎನ್ನುವುದು ಒಂದು. ಇಂಥಿಂಥ ಕೆಲಸಗಳನ್ನು ಮಾಡಿಕೊಡಬಲ್ಲ ಯಾವುದಾದರೂ ಒಂದು ಸಾಕು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಆಯ್ಕೆ ಪ್ಯಾಕೇಜನ್ನು ಬರೆದವನದು. ಎರಡನೆಯದರಲ್ಲಿ ಎಲ್ಲ ಭಾಗಗಳನ್ನೂ ಕಡೆಯಲ್ಲಿ ಒಟ್ಟುಗೂಡಿಸುವವನದು. ಆಯ್ಕೆಯ ಈ ಅಧಿಕಾರ ಯಾರಿಗೆ ಸಲ್ಲತಕ್ಕದ್ದು, ಅದನ್ನು ಸಲ್ಲಿಸುವುದಕ್ಕೆ ಭಾಷೆಯಲ್ಲಿಯೂ ಉಪಕರಣಗಳಲ್ಲಿಯೂ ಎಂಥ ಏರ್ಪಾಡುಗಳಿರಬೇಕು ಎಂಬ ಪ್ರಶ್ನೆಯನ್ನು ಫಂಕ್ಷನಲ್ ಪ್ರೋಗ್ರಾಮಿಂಗ್ ಸಂಪ್ರದಾಯದ ವಿದ್ವಾಂಸರು ಕೈಗೆತ್ತಿಕೊಂಡು ದಶಕಗಳೇ ಆದುವು. ಆ ವಿಚಾರ ನಡೆದು ಬಂದ ದಾರಿಯನ್ನು ಸ್ಥೂಲವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಬರಿಯ ತಾತ್ತ್ವಿಕವಾದುದಲ್ಲವೆಂಬುದಕ್ಕೆ ಹ್ಯಾಸ್ಕೆಲ್ ಬಳಸುವವರೆಲ್ಲರಿಗೂ ಪರಿಚಿತವಾದ ಒಂದು ಕ್ಲೇಶವನ್ನು ಸ್ಮರಿಸಿದರೆ ಸಾಕು. ಅಕ್ಷರಗಳ ಸರಣಿಯನ್ನು ಪ್ರತಿನಿಧಿಸುವುದಕ್ಕೆ ಆ ಭಾಷೆಯಲ್ಲಿ ಒಂದಲ್ಲ, ಹಲವು ಟೈಪುಗಳುಂಟು. ಭಾಷೆಯೊಡನೆ ಹುಟ್ಟಿಬಂದ ಸ್ಟ್ರಿಂಗ್ ಎಂಬುದು ಒಂದೊಂದು ಅಕ್ಷರವನ್ನೂ ಒಂದೊಂದು ಕೋಶದಲ್ಲಿಟ್ಟು ಕೊಂಡಿ ಹಾಕಿದ ಪಟ್ಟಿ. ಕಲಿಯುವವನಿಗೆ ಸುಲಭ, ಯಂತ್ರಕ್ಕೆ ಭಾರ. ಬೈಟ್‌ಸ್ಟ್ರಿಂಗ್ ಎಂಬುದು ಬೈಟುಗಳನ್ನು ಒತ್ತಾಗಿ ಜೋಡಿಸಿದ್ದು. ಟೆಕ್ಸ್ಟ್ ಎಂಬುದು ಯೂನಿಕೋಡ್ ಅಕ್ಷರಗಳಿಗಾಗಿ ಅಂಥದೇ ಒತ್ತಾದ ರಚನೆ. ಈ ಎರಡರಲ್ಲಿಯೂ ಒಟ್ಟಿಗೆ ನೆನಪಿನಲ್ಲಿರುವ ಬಗೆಯೊಂದು, ಬೇಕಾದಂತೆ ತುಂಡುತುಂಡಾಗಿ ಒದಗುವ ಬಗೆಯೊಂದು. ಈಗ ರೆಗ್ಯುಲರ್ ಎಕ್ಸ್‌ಪ್ರೆಷನ್ನುಗಳನ್ನು ಹೊಂದಿಸಿ ನೋಡುವ ಪ್ಯಾಕೇಜೊಂದನ್ನು ಬರೆಯಹೊರಟವನಿಗೆ ಬೇಕಾದುದು, ಸರಣಿ ಬರಿದೋ ಅಲ್ಲವೋ ಎಂದು ತಿಳಿಯುವುದು, ಮೊದಲ ಅಕ್ಷರವನ್ನು ತೆಗೆಯುವುದು, ಉಳಿದುದನ್ನು ಪಡೆಯುವುದು, ಇಂಥ ನಾಲ್ಕಾರು ಕಾರ್ಯಗಳು ಮಾತ್ರ. ಸರಣಿಯ ಒಳರಚನೆ ಎಂಥದೆಂಬುದು ಅವನ ವಿಧಾನಕ್ಕೆ ಅಪ್ರಸ್ತುತ. ಹೀಗಿದ್ದರೂ ಅವನು ಒಂದನ್ನು ಆರಿಸಿ ಉಳಿದವುಗಳ ಬಳಕೆದಾರರನ್ನು ಕೈಬಿಡಬೇಕು, ಇಲ್ಲವೇ ಒಂದೇ ಬರೆಹವನ್ನು ಮೂರು ನಾಲ್ಕು ಸಲ ನಕಲು ಮಾಡಿ ಅಲ್ಲಲ್ಲಿ ಹೆಸರು ಬದಲಿಸಬೇಕು. ಎರಡನೆಯ ಮಾರ್ಗವನ್ನು ಹಿಡಿದ ಪ್ಯಾಕೇಜುಗಳು ಹ್ಯಾಸ್ಕೆಲ್ ಭಂಡಾರದಲ್ಲಿ ವಿರಳವಲ್ಲ.

ವಿಚಾರದ ಮೂಲವನ್ನು ಹುಡುಕುತ್ತ ಹೋದರೆ 1972ನೆಯ ಇಸವಿಯ ಒಂದು ಪ್ರಬಂಧದ ಬಳಿ ನಿಲ್ಲಬೇಕಾಗುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿದ್ದ ಡೇವಿಡ್ ಪಾರ್ನಸ್ ಅವರು, ಒಂದು ವ್ಯವಸ್ಥೆಯನ್ನು ಮಾಡ್ಯೂಲುಗಳಾಗಿ ವಿಭಜಿಸುವಾಗ ಯಾವ ಮಾನದಂಡವನ್ನು ಅನುಸರಿಸತಕ್ಕದ್ದು ಎಂದು ಅಲ್ಲಿ ಕೇಳಿ, ಶಬ್ದಸೂಚಿಯನ್ನು ಸಿದ್ಧಪಡಿಸುವ ಚಿಕ್ಕದೊಂದು ಪ್ರೋಗ್ರಾಮನ್ನು ಎರಡು ರೀತಿಯಲ್ಲಿ ಸೀಳಿ ತೋರಿಸಿದರು. ಸಾಲುಗಳನ್ನು ಓದು, ಪದಗಳನ್ನು ಚಕ್ರಾಕಾರವಾಗಿ ಸರಿಸು, ಅಕಾರಾದಿಯಾಗಿ ಜೋಡಿಸು, ಅಚ್ಚು ಮಾಡು ಎಂದು ಕೆಲಸದ ಹಂತಗಳನ್ನೇ ಅನುಸರಿಸಿದ ವಿಭಜನೆ ಮೊದಲನೆಯದು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಮಾಡ್ಯೂಲಿನೊಳಗೆ ಮರೆಮಾಡಿದ ವಿಭಜನೆ ಎರಡನೆಯದು. ಸಾಲುಗಳನ್ನು ನೆನಪಿನಲ್ಲಿ ಶೇಖರಿಸುವ ಕ್ರಮವನ್ನು ಬದಲಿಸಿದರೆ ಮೊದಲನೆಯದರಲ್ಲಿ ಎಲ್ಲ ಭಾಗಗಳೂ ಕೆಡುತ್ತವೆ. ಎರಡನೆಯದರಲ್ಲಿ ಒಂದು ಭಾಗ ಮಾತ್ರ ಬದಲಾಗುತ್ತದೆ. ಎರಡು ವರ್ಷಗಳ ಅನಂತರ ಬಾರ್ಬರಾ ಲಿಸ್ಕೋವ್ ಮತ್ತು ಸ್ಟೀಫನ್ ಜಿಲೆಸ್ ಅವರು ದತ್ತಾಂಶದ ಟೈಪೊಂದನ್ನು ಅದರ ಮೇಲಿನ ಕ್ರಿಯೆಗಳ ಮೂಲಕವೇ ತಿಳಿಯಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದರು, ಎಂ.ಐ.ಟಿ.ಯಲ್ಲಿ ರೂಪುಗೊಂಡ ಸಿಎಲ್‌ಯು ಭಾಷೆ ಆ ತತ್ತ್ವದ ಪ್ರಯೋಗ.

ಅದೇ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಮೆಸಾ ಭಾಷೆಯೂ, ಅದರಿಂದ ಪ್ರೇರಿತರಾಗಿ ನಿಕ್ಲಾಸ್ ವಿರ್ತ್ ಅವರು ರಚಿಸಿದ ಮಾಡ್ಯುಲಾ-2 ಭಾಷೆಯೂ, ಮಾಡ್ಯೂಲಿನ ಘೋಷಣೆಯನ್ನು ಒಂದು ಕಡತದಲ್ಲಿಯೂ ಅದರ ಅನುಷ್ಠಾನವನ್ನು ಇನ್ನೊಂದರಲ್ಲಿಯೂ ಇಡುವ ಪದ್ಧತಿಯನ್ನು ಹಾಕಿಕೊಟ್ಟುವು. ಇವುಗಳಲ್ಲಿ ಮೆಸಾದ ಒಂದು ವಿಶೇಷವನ್ನು ಇಲ್ಲಿಯೇ ಹೇಳಿಡುವುದು ಯುಕ್ತ. ಯಾವ ಘೋಷಣೆಗೆ ಯಾವ ಅನುಷ್ಠಾನವನ್ನು ಜೋಡಿಸಬೇಕೆಂಬುದನ್ನು ಪ್ರೋಗ್ರಾಮಿನ ಒಳಗೆ ಹೇಳದೆ, ಸಿ/ಮೆಸಾ ಎಂಬ ಪ್ರತ್ಯೇಕವಾದ ಕಿರುಭಾಷೆಯಲ್ಲಿ ಹೇಳುವ ಏರ್ಪಾಡು ಅದರಲ್ಲಿದ್ದಿತು. ಬರೆಯುವ ಕೆಲಸವೂ ಜೋಡಿಸುವ ಕೆಲಸವೂ ಬೇರೆಬೇರೆ ಎಂಬ ಈ ವಿವೇಕವನ್ನು ಜಗತ್ತು ಅನಂತರ ಬಹುಕಾಲ ಮರೆತಿದ್ದು, ಮತ್ತೆ ನೆನಪಿಗೆ ತಂದುಕೊಂಡದ್ದು ನಮ್ಮ ಕಾಲದಲ್ಲಿ.

ಇನ್ನು ಎಡಿನ್‌ಬರೊ. ರಾಬಿನ್ ಮಿಲ್ನರ್ ಅವರು 1970ರ ದಶಕದಲ್ಲಿ ಅಲ್ಲಿ ಎಲ್‌ಸಿಎಫ್ ಎಂಬ ಪ್ರಮೇಯಸಾಧಕ ವ್ಯವಸ್ಥೆಯನ್ನು ಕಟ್ಟುತ್ತಿದ್ದಾಗ, ಅದನ್ನು ನಡೆಸುವುದಕ್ಕೊಂದು ಭಾಷೆ ಬೇಕಾಗಿ ಹುಟ್ಟಿದುದು ಎಂಎಲ್. ಪ್ರಮೇಯವೆಂಬುದು ಆ ಭಾಷೆಯಲ್ಲಿ ಒಂದು ಗೂಢ ಟೈಪು. ತರ್ಕದ ಅನುಮಾನ ನಿಯಮಗಳಿಂದಲ್ಲದೆ ಬೇರೆ ಯಾವ ಉಪಾಯದಿಂದಲೂ ಆ ಟೈಪಿನ ಬೆಲೆಯೊಂದನ್ನು ಯಾರೂ ಸೃಷ್ಟಿಸಲಾರರು. ಅಂದರೆ ವ್ಯವಸ್ಥೆ ಸುಳ್ಳನ್ನು ಪ್ರಮೇಯವೆಂದು ಒಪ್ಪದಂತೆ ಕಾಯುತ್ತಿದ್ದುದು ಟೈಪಿನ ಗೂಢತೆಯೇ. ಒಳಗಿನದನ್ನು ಮರೆಮಾಡುವುದು ಕೇವಲ ಅಚ್ಚುಕಟ್ಟಿನ ವಿಷಯವೆಂದು ಬೇರೆ ಕಡೆಗಳಲ್ಲಿ ಭಾವಿಸಿದ್ದಾಗ, ಎಡಿನ್‌ಬರೊದಲ್ಲಿ ಅದು ಸತ್ಯಾಸತ್ಯಗಳ ವಿಷಯವಾಗಿದ್ದಿತು. ಮಾಡ್ಯೂಲುಗಳ ಅಧ್ಯಯನ ಆ ಸಂಪ್ರದಾಯದಲ್ಲಿ ಅಷ್ಟು ಗಂಭೀರವಾಗಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ. ಅದೇ ನಗರದಲ್ಲಿ ರಾಡ್ ಬರ್ಸ್ಟಾಲ್ ಅವರು ಜೋಸೆಫ್ ಗೋಗೆನ್ ಅವರೊಡನೆ ಕ್ಲಿಯರ್ ಎಂಬ ವಿಧಾಯಕ ಭಾಷೆಯನ್ನು ರಚಿಸಿ, ಒಂದು ಸಿದ್ಧಾಂತಕ್ಕೆ ಇನ್ನೊಂದನ್ನು ಪ್ರಮಾಣವಾಗಿ ಒದಗಿಸುವ ಕ್ರಮವನ್ನು ಶೋಧಿಸುತ್ತಿದ್ದರು. ಬರ್ಸ್ಟಾಲರೊಡನೆ ಹೋಪ್ ಎಂಬ ಭಾಷೆಯಲ್ಲಿ ದುಡಿದ ಡೇವಿಡ್ ಮ್ಯಾಕ್‌ಕ್ವೀನ್ ಅವರು ಈ ಎರಡು ಧಾರೆಗಳನ್ನೂ ಕೂಡಿಸಿ, 1984ರಲ್ಲಿ, ತಾವು ಬೆಲ್ ಪ್ರಯೋಗಾಲಯದಲ್ಲಿದ್ದಾಗ, ಸ್ಟ್ಯಾಂಡರ್ಡ್ ಎಂಎಲ್ ಭಾಷೆಗೊಂದು ಮಾಡ್ಯೂಲ್ ವ್ಯವಸ್ಥೆಯನ್ನು ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಮುಂದೆ ನಡೆದುದೆಲ್ಲವೂ ಒಂದರ್ಥದಲ್ಲಿ ಆ ಪ್ರಬಂಧದ ವ್ಯಾಖ್ಯಾನ.

ಮ್ಯಾಕ್‌ಕ್ವೀನರ ವ್ಯವಸ್ಥೆಯಲ್ಲಿ ಮೂರು ಅಂಗಗಳು. ಟೈಪುಗಳನ್ನೂ ಫಂಕ್ಷನ್ನುಗಳನ್ನೂ ಒಟ್ಟಾಗಿ ಕಟ್ಟಿದ ಗಂಟು ಸ್ಟ್ರಕ್ಚರ್. ಅಂಥ ಗಂಟಿನಲ್ಲಿ ಏನೇನಿರಬೇಕು, ಅವುಗಳಲ್ಲಿ ಎಷ್ಟು ಹೊರಗೆ ಕಾಣಬೇಕು ಎಂಬುದರ ಲಿಖಿತ ಕರಾರು ಸಿಗ್ನೇಚರ್. ಒಂದು ಸಿಗ್ನೇಚರಿಗೆ ಒಪ್ಪುವ ಯಾವ ಸ್ಟ್ರಕ್ಚರನ್ನು ಕೊಟ್ಟರೂ ಅದನ್ನು ಸ್ವೀಕರಿಸಿ ಹೊಸದೊಂದು ಸ್ಟ್ರಕ್ಚರನ್ನು ನಿರ್ಮಿಸಿಕೊಡುವುದು ಫಂಕ್ಟರ್. ಗಾರೆಯವನು ಚೌಕಟ್ಟಿನ ಅಳತೆಯನ್ನು ಗೊತ್ತುಮಾಡಿಕೊಂಡು ಗೋಡೆಯೆಬ್ಬಿಸುತ್ತಾನೆ. ಬಡಗಿ ತರುವ ಬಾಗಿಲು ಹಲಸಿನದೋ ಸಾಗುವಾನಿಯದೋ ಎಂಬುದು ಅವನಿಗೆ ಬೇಕಿಲ್ಲ, ಅಳತೆಗೆ ಸರಿಹೊಂದಿದರಾಯಿತು. ಹಾಗೆಯೇ, ಒಂದು ಟೈಪೂ ಅದರ ಎರಡು ಬೆಲೆಗಳನ್ನು ಹೋಲಿಸಿ ಹಿಂದುಮುಂದು ಹೇಳುವ ಒಂದು ಫಂಕ್ಷನ್ನೂ ಇದ್ದರೆ ಸಾಕೆಂಬ ಸಿಗ್ನೇಚರನ್ನು ಬರೆದಿಟ್ಟು, ಅದರ ಮೇಲೆ ಗಣಗಳನ್ನು ನಿರ್ಮಿಸುವ ಫಂಕ್ಟರನ್ನು ಒಮ್ಮೆ ಬರೆದರೆ, ಪೂರ್ಣಾಂಕಗಳ ಗಣವೂ ಹೆಸರುಗಳ ಗಣವೂ ಇಳಿಕೆಯ ಕ್ರಮದಲ್ಲಿ ಜೋಡಿಸಿದ ಗಣವೂ ಅದೊಂದರಿಂದಲೇ ದೊರೆಯುತ್ತವೆ. ಓಕ್ಯಾಮಲ್ ಲೈಬ್ರರಿಯ ಸೆಟ್ ಮತ್ತು ಮ್ಯಾಪ್ ಮಾಡ್ಯೂಲುಗಳು ಇಂದಿಗೂ ಹೀಗೆಯೇ ಇವೆ.

ಇಷ್ಟನ್ನು ಕೇಳಿದವರು ಸಮಸ್ಯೆ ಅಲ್ಲಿಗೇ ಮುಗಿಯಿತೆಂದು ತಿಳಿಯಬಹುದು. ವಾಸ್ತವವಾಗಿ ಕಷ್ಟ ಮೊದಲಾದುದು ಅಲ್ಲಿಂದಲೇ. ಮರೆಮಾಡುವುದು ಸುಲಭ, ಮರೆಮಾಡಿದ ಮೇಲೆ ಯಾವುದು ಯಾವುದರೊಡನೆ ಅಭಿನ್ನವೆಂದು ಹೇಳುವುದು ದುಷ್ಕರ. ಕಂಪೈಲರೊಂದನ್ನು ಫಂಕ್ಟರುಗಳಿಂದ ಕಟ್ಟುತ್ತಿದ್ದೇವೆಂದು ಇಟ್ಟುಕೊಳ್ಳೋಣ. ಪದಗಳನ್ನು ಬಿಡಿಸುವ ಭಾಗಕ್ಕೆ ಚಿಹ್ನೆಗಳ ಕೋಷ್ಟಕವೊಂದು ಬೇಕು. ವಾಕ್ಯರಚನೆಯನ್ನು ಪರೀಕ್ಷಿಸುವ ಭಾಗಕ್ಕೂ ಬೇಕು. ಎರಡೂ ಭಾಗಗಳು ತಮಗೊಂದು ಕೋಷ್ಟಕ ಬೇಕೆಂದು ಸಿಗ್ನೇಚರಿನಲ್ಲಿ ಹೇಳಿಕೊಂಡಿವೆ. ಅದರ ಒಳರಚನೆ ಎರಡಕ್ಕೂ ಗೂಢ. ಈ ಎರಡು ಭಾಗಗಳನ್ನೂ ತೆಗೆದುಕೊಂಡು ಒಂದುಗೂಡಿಸುವ ಮೂರನೆಯವನಿಗೆ, ಅಲ್ಲಿಂದ ಬಂದ ಚಿಹ್ನೆಯೂ ಇಲ್ಲಿಗೆ ಬೇಕಾದ ಚಿಹ್ನೆಯೂ ಒಂದೇ ಟೈಪಿನವೆಂದು ಯಾರು ಭರವಸೆ ಕೊಡಬೇಕು? ಮ್ಯಾಕ್‌ಕ್ವೀನರು ಇದನ್ನು ಮೊದಲೇ ಕಂಡು, ಈ ಎರಡು ಟೈಪುಗಳೂ ಒಂದೇ ಆಗಿರತಕ್ಕದ್ದು ಎಂದು ಬರೆದು ತಿಳಿಸುವ ಷೇರಿಂಗ್ ನಿಬಂಧನೆಗಳನ್ನು ಭಾಷೆಯಲ್ಲಿ ಸೇರಿಸಿದ್ದರು. ಆದರೆ ಅದರ ಹಿಂದಿನ ಸಿದ್ಧಾಂತವೇನೆಂಬುದು ಹತ್ತು ವರ್ಷಗಳ ವಾದಕ್ಕೆ ವಸ್ತುವಾಯಿತು. ಜಾನ್ ಮಿಚೆಲ್ ಮತ್ತು ಗಾರ್ಡನ್ ಪ್ಲಾಟ್ಕಿನ್ ಅವರು 1985ರಲ್ಲಿ, ಗೂಢ ಟೈಪೆಂದರೆ ತರ್ಕಶಾಸ್ತ್ರದಲ್ಲಿ "ಅಂಥದೊಂದು ಉಂಟು" ಎನ್ನುವ ಅಸ್ತಿತ್ವವಾಚಕದ ಪ್ರತಿರೂಪವೆಂದು ತೋರಿಸಿದರು. ಈ ಅರ್ಥವನ್ನು ಒಪ್ಪಿದರೆ ಗಂಟನ್ನು ಬಿಚ್ಚಿದಾಗಲೆಲ್ಲ ಹೊಸದೊಂದು ಟೈಪು ಹುಟ್ಟುತ್ತದೆ; ಎರಡು ಸಲ ಬಿಚ್ಚಿದರೆ ಎರಡು ಟೈಪು, ಅವುಗಳ ನಡುವೆ ಸಂಬಂಧವೇ ಇಲ್ಲ. ಮಾಡ್ಯೂಲುಗಳನ್ನು ಹೆಣೆಯುವ ಕೆಲಸಕ್ಕೆ ಇದು ಅತಿಯಾದ ಗೂಢತೆಯೆಂದು ಮ್ಯಾಕ್‌ಕ್ವೀನರು 1986ರಲ್ಲಿ ಆಕ್ಷೇಪಿಸಿ, ಒಳಗಿನ ಟೈಪು ಹೊರಗೂ ತಿಳಿದಿರುವಂತಹ ಬಲವಾದ ಸಂಯೋಗವನ್ನು ಪ್ರತಿಪಾದಿಸಿದರು. ಅದು ಅತಿಯಾದ ಪ್ರಕಾಶ. 1990ರಲ್ಲಿ ಮಿಲ್ನರ್, ಮ್ಯಾಡ್ಸ್ ಟಾಫ್ಟೆ, ರಾಬರ್ಟ್ ಹಾರ್ಪರ್ ಅವರು ಪ್ರಕಟಿಸಿದ ಸ್ಟ್ಯಾಂಡರ್ಡ್ ಎಂಎಲ್ ಭಾಷೆಯ ಅಧಿಕೃತ ಲಕ್ಷಣಗ್ರಂಥದಲ್ಲಿ ಸಿಗ್ನೇಚರನ್ನು ಹೊದಿಸಿದರೂ ಒಳಗಿನ ಟೈಪು ಅದರ ಮೂಲಕ ಕಾಣುತ್ತಲೇ ಇದ್ದಿತು. ಪೂರ್ಣವಾಗಿ ಮುಚ್ಚುವ ಹೊದಿಕೆ ಬಂದುದು 1997ರ ಪರಿಷ್ಕರಣದಲ್ಲಿ.

ಅತಿಗೂಢಕ್ಕೂ ಅತಿಪ್ರಕಾಶಕ್ಕೂ ನಡುವಣ ಹಾದಿ 1994ರಲ್ಲಿ ಒಂದೇ ಸಮ್ಮೇಳನದಲ್ಲಿ ಎರಡು ಪ್ರಬಂಧಗಳಾಗಿ ಪ್ರಕಟವಾಯಿತು. ಹಾರ್ಪರ್ ಮತ್ತು ಮಾರ್ಕ್ ಲಿಲಿಬ್ರಿಜ್ ಅವರದೊಂದು, ಫ್ರಾನ್ಸಿನ ಕ್ಸಾವಿಯೇ ಲೆರ್ವಾ ಅವರದೊಂದು. ಹೆಸರುಗಳೂ ಗಣಿತದ ವೇಷವೂ ಬೇರೆಯಾದರೂ ತಾತ್ಪರ್ಯ ಒಂದೇ: ಸಿಗ್ನೇಚರಿನಲ್ಲಿ ಬರೆದ ಪ್ರತಿಯೊಂದು ಟೈಪನ್ನೂ, ಬರೆಯುವವನ ಇಷ್ಟದಂತೆ, ಗೂಢವಾಗಿಯೂ ಬಿಡಬಹುದು, "ಇದು ಅದಕ್ಕೆ ಸಮ" ಎಂದು ಪ್ರಕಟವಾಗಿಯೂ ಹೇಳಬಹುದು. ಮುಚ್ಚುವುದೂ ತೆರೆಯುವುದೂ ಇಡೀ ಮಾಡ್ಯೂಲಿಗೆ ಒಂದೇ ಸಲ ಆಗಬೇಕಾದುದಿಲ್ಲ. ಟೈಪು ಟೈಪಿಗೂ ನಿರ್ಣಯಿಸಬಹುದು. ಒಮ್ಮೆ ಹೇಳಿದ ಮೇಲೆ ಎಷ್ಟು ಸಹಜವಾಗಿ ಕಾಣುವ ಮಾತು! ಲೆರ್ವಾ ಅವರ ದೃಷ್ಟಿಯಲ್ಲಿ ಇದರ ಮುಖ್ಯ ಪ್ರಯೋಜನ ಇನ್ನೊಂದಿದ್ದಿತು. ಸಿಗ್ನೇಚರೇ ಸಂಪೂರ್ಣವಾದ ಕರಾರಾದುದರಿಂದ, ಅನುಷ್ಠಾನದ ಕಡತವನ್ನು ನೋಡದೆಯೇ ಅದರ ಬಳಕೆದಾರನ ಕಡತವನ್ನು ಕಂಪೈಲ್ ಮಾಡಬಹುದು. ಈ ಯೋಜನೆಯ ಮೇಲೆ ಅವರು ಕಟ್ಟಿದ ಕ್ಯಾಮಲ್ ಸ್ಪೆಷಲ್ ಲೈಟ್ 1995ರಲ್ಲಿಯೂ, ಆಬ್ಜೆಕ್ಟಿವ್ ಕ್ಯಾಮಲ್ 1996ರಲ್ಲಿಯೂ ಹೊರಬಂದುವು. ಇಂದು ನಾವು ಓಕ್ಯಾಮಲ್ ಎಂದು ಕರೆಯುವುದು ಅದನ್ನೇ.

ಉಳಿದ ಒಂದು ವಿವಾದ ಫಂಕ್ಟರಿನ ಸ್ವಭಾವದ್ದು. ಒಂದೇ ಫಂಕ್ಟರನ್ನು ಒಂದೇ ಸ್ಟ್ರಕ್ಚರಿಗೆ ಎರಡು ಕಡೆ ಅನ್ವಯಿಸಿದರೆ ದೊರೆಯುವ ಎರಡು ಗೂಢ ಟೈಪುಗಳು ಒಂದೆಯೋ ಬೇರೆಯೋ? ಬೇರೆ ಎಂದಿತು ಸ್ಟ್ಯಾಂಡರ್ಡ್ ಎಂಎಲ್; ಒಂದೇ ಎಂದು ಲೆರ್ವಾ ಅವರು 1995ರಲ್ಲಿ ವಾದಿಸಿದರು. ಪೂರ್ಣಾಂಕಗಳ ಗಣವನ್ನು ಇಬ್ಬರು ಲೇಖಕರು ತಮ್ಮ ತಮ್ಮ ಪ್ಯಾಕೇಜಿನಲ್ಲಿ ನಿರ್ಮಿಸಿಕೊಂಡಿದ್ದರೆ, ಒಬ್ಬನ ಗಣವನ್ನು ಇನ್ನೊಬ್ಬನಿಗೆ ಕೊಡುವಂತಿರಬೇಕಾದುದು ನ್ಯಾಯ. ಇಲ್ಲಿ ಲೆರ್ವಾ ಅವರ ಪಕ್ಷವೇ ಸರಿ. ಆದರೆ ಆ ಚಿಹ್ನೆಗಳ ಕೋಷ್ಟಕದ ವಿಷಯ ಹಾಗಲ್ಲ: ನಿರ್ಮಿಸಿದಾಗಲೆಲ್ಲ ಹೊಸದೊಂದು ಬರಿಯ ಕೋಷ್ಟಕ ಹುಟ್ಟುವುದರಿಂದ, ಒಂದರ ಏಳನೆಯ ಚಿಹ್ನೆ ಇನ್ನೊಂದರಲ್ಲಿ ಏನೂ ಅಲ್ಲದಿರಬಹುದು, ಅವೆರಡರ ಟೈಪು ಒಂದೇ ಎಂದರೆ ಪ್ರಮಾದಕ್ಕೆ ದಾರಿ. ಎರಡೂ ಬೇಕೆಂಬ ವಿವೇಕ ಓಕ್ಯಾಮಲ್‌ನಲ್ಲಿ 2014ರ ಆವೃತ್ತಿಯೊಂದರಲ್ಲಿ ಮೂಡಿತು. ಯಾವಾಗ ಯಾವುದು ಎಂಬುದಕ್ಕೆ ಒಳಗೆ ಬದಲಾಗುವ ಸ್ಥಿತಿಯೇನಾದರೂ ಉಂಟೋ ಇಲ್ಲವೋ ಎಂಬುದೇ ನಿಕಷವೆಂದು ಆಂಡ್ರಿಯಾಸ್ ರಾಸ್‌ಬರ್ಗ್, ಕ್ಲಾಡಿಯೋ ರುಸ್ಸೋ, ಡೆರೆಕ್ ಡ್ರೇಯರ್ ಅವರು ಅದೇ ಕಾಲಕ್ಕೆ ಸೈದ್ಧಾಂತಿಕವಾಗಿ ತೋರಿಸಿಕೊಟ್ಟರು. ಅಂಥ ಸ್ಥಿತಿಯೇ ಇಲ್ಲದ ಶುದ್ಧವಾದ ಭಾಷೆಯೊಂದಿದ್ದರೆ ಈ ವಿವಾದವೇ ಏಳುವುದಿಲ್ಲವೆಂಬ ಧ್ವನಿಯೂ ಅದರಲ್ಲಿದೆ.

ಅಂಥ ಶುದ್ಧವಾದ ಭಾಷೆಯೇ ಹ್ಯಾಸ್ಕೆಲ್. ಆದರೆ ಆಶ್ಚರ್ಯವೆಂದರೆ, ಮಾಡ್ಯೂಲುಗಳ ವಿಷಯದಲ್ಲಿ ಇಷ್ಟು ಅನುಕೂಲವಾದ ನೆಲವನ್ನು ಪಡೆದಿದ್ದ ಆ ಭಾಷೆ ಇಪ್ಪತ್ತೈದು ವರ್ಷಗಳಷ್ಟು ಕಾಲ ಆ ಕಡೆಗೆ ತಿರುಗಿಯೂ ನೋಡಲಿಲ್ಲ. 1990ರಲ್ಲಿ ಅದರ ಮೊದಲ ವರದಿ ಹೊರಬಂದಾಗ ಅದರ ಶಿಲ್ಪಿಗಳ ಗಮನವೆಲ್ಲ, ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ಅವರು ಹಿಂದಿನ ವರ್ಷವಷ್ಟೇ ಪ್ರಕಟಿಸಿದ್ದ ಟೈಪ್ ಕ್ಲಾಸ್ ಎಂಬ ಹೊಸ ಸಾಧನದ ಮೇಲಿದ್ದಿತು. ಮಾಡ್ಯೂಲೆಂದರೆ ಹೆಸರುಗಳನ್ನು ವಿಂಗಡಿಸಿಡುವ ಡಬ್ಬಿಗಿಂತ ಹೆಚ್ಚಿನದಾಗಲಿಲ್ಲ. ಟೈಪ್ ಕ್ಲಾಸಿನಲ್ಲಿ ಬೇಕಾದ ಕ್ರಿಯೆಗಳ ಪಟ್ಟಿಯುಂಟು, ಒಂದೊಂದು ಟೈಪಿಗೂ ಅದರ ಅನುಷ್ಠಾನವುಂಟು, ಯಾವುದನ್ನು ಬಳಸಬೇಕೆಂದು ಕಂಪೈಲರೇ ಟೈಪನ್ನು ನೋಡಿ ಆರಿಸಿಕೊಳ್ಳುತ್ತದೆ. ಇದರ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಟೈಪಿಗೆ ಒಂದು ಕ್ಲಾಸಿನಲ್ಲಿ ಇಡೀ ಪ್ರೋಗ್ರಾಮಿಗೆಲ್ಲ ಒಂದೇ ಅನುಷ್ಠಾನವಿರಬೇಕು. ಏರಿಕೆಯ ಕ್ರಮದಲ್ಲಿ ಕಟ್ಟಿದ ಗಣವನ್ನು ಇಳಿಕೆಯ ಕ್ರಮದಲ್ಲಿ ಹುಡುಕಿದರೆ ಉತ್ತರ ತಪ್ಪುವುದರಿಂದ ಈ ನಿರ್ಬಂಧ ಅನಿವಾರ್ಯ. ಎಂಎಲ್ ಅದೇ ಅಪಾಯವನ್ನು ಎರಡು ಗಣಗಳಿಗೆ ಎರಡು ಟೈಪುಗಳನ್ನು ಕೊಟ್ಟು ನಿವಾರಿಸಿದರೆ, ಹ್ಯಾಸ್ಕೆಲ್ ಎರಡನೆಯ ಕ್ರಮವನ್ನೇ ನಿಷೇಧಿಸಿ ನಿವಾರಿಸಿತು. ಅಕ್ಷರ ಸರಣಿಯಂಥ ವಿಷಯಕ್ಕೆ ಬಂದಾಗ ಇನ್ನೆರಡು ತೊಡಕುಗಳು: ಕ್ಲಾಸಿನ ನಿಬಂಧನೆ ಪ್ರತಿಯೊಂದು ಫಂಕ್ಷನ್ನಿನ ಟೈಪಿಗೂ ಅಂಟಿಕೊಂಡು ಹರಡುತ್ತದೆ; ಕಂಪೈಲರು ಅದನ್ನು ವಿಶೇಷೀಕರಿಸದೆ ಹೋದರೆ ಓಟದ ಕಾಲದಲ್ಲಿ ಒಂದೊಂದು ಕ್ರಿಯೆಗೂ ಪರೋಕ್ಷವಾದ ಕರೆಯ ವೆಚ್ಚ ಬೀಳುತ್ತದೆ.

ಸಿಗ್ನೇಚರಿಲ್ಲದೆ ಅನುಷ್ಠಾನವನ್ನು ಬದಲಿಸುವ ಸಾಹಸವೂ ಹ್ಯಾಸ್ಕೆಲ್‌ನಲ್ಲಿ ನಡೆಯದಿರಲಿಲ್ಲ. ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರು (ಜಿಎಚ್‌ಸಿ) ದೊಡ್ಡ ಪೂರ್ಣಾಂಕಗಳ ಗಣಿತಕ್ಕೆ ಜಿಎಂಪಿ ಎಂಬ ಸಿ ಲೈಬ್ರರಿಯನ್ನು ಅವಲಂಬಿಸಿದ್ದಿತು. ಅದರ ಪರವಾನಗಿಯ ಷರತ್ತುಗಳು ಒಗ್ಗದವರಿಗಾಗಿ ಹ್ಯಾಸ್ಕೆಲ್‌ನಲ್ಲಿಯೇ ಬರೆದ ಇನ್ನೊಂದು ಪ್ಯಾಕೇಜು ಸಿದ್ಧವಾಯಿತು. ಕಂಪೈಲರನ್ನು ಕಟ್ಟುವಾಗ ಎರಡರಲ್ಲೊಂದನ್ನು ಆರಿಸಬಹುದಾಗಿದ್ದಿತು. ಎರಡೂ ಪ್ಯಾಕೇಜುಗಳು ಒಂದೇ ಬಗೆಯ ಫಂಕ್ಷನ್ನುಗಳನ್ನು ಒದಗಿಸಬೇಕೆಂಬ ಕರಾರು ಯಾವ ಕಡತದಲ್ಲಿಯೂ ಬರೆದಿರಲಿಲ್ಲ; ಪಾಲಕರ ಎಚ್ಚರಿಕೆಯಲ್ಲಿ ಮಾತ್ರ ಇದ್ದಿತು. 2021ರಲ್ಲಿ ಬಂದ ಜಿಎಚ್‌ಸಿ 9.0ರಲ್ಲಿ ಈ ಎರಡನ್ನೂ ಒಂದೇ ಪ್ಯಾಕೇಜಿನೊಳಗೆ ತಂದು, ಹಿಂಬದಿಯನ್ನು ಮಾತ್ರ ಆರಿಸುವಂತೆ ಮಾಡಿದರು.

ಈ ಕೊರತೆಯನ್ನು ನೀಗಿಸಲು ಹೊರಟುದೇ ಬ್ಯಾಕ್‌ಪ್ಯಾಕ್. ಸಾರ್‌ಬ್ರುಕೆನ್ನಿನ ಮಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ಸ್ಕಾಟ್ ಕಿಲ್‌ಪ್ಯಾಟ್ರಿಕ್ ಮತ್ತು ಡೆರೆಕ್ ಡ್ರೇಯರ್ ಅವರು, ಹ್ಯಾಸ್ಕೆಲ್ ಶಿಲ್ಪಿಗಳಾದ ಸೈಮನ್ ಪೇಟನ್ ಜೋನ್ಸ್, ಸೈಮನ್ ಮಾರ್ಲೋ ಅವರೊಡನೆ ಸೇರಿ 2014ರಲ್ಲಿ ಇದರ ರೂಪರೇಖೆಯನ್ನು ಪ್ರಕಟಿಸಿದರು. ಎಂಎಲ್‌ನ ಫಂಕ್ಟರನ್ನು ಹ್ಯಾಸ್ಕೆಲ್‌ಗೆ ಹಾಗೆಯೇ ತಂದು ನೆಡುವುದು ಅವರ ಉದ್ದೇಶವಾಗಿರಲಿಲ್ಲ. ಮ್ಯಾಥ್ಯೂ ಫ್ಲಾಟ್ ಮತ್ತು ಮಥಾಯಸ್ ಫೆಲ್ಲೈಸನ್ ಅವರು 1998ರಲ್ಲಿ ಸ್ಕೀಮ್ ಭಾಷೆಗಾಗಿ ವರ್ಣಿಸಿದ ಯೂನಿಟ್‌ಗಳೂ, ಡ್ರೇಯರ್ ಮತ್ತು ರಾಸ್‌ಬರ್ಗ್ ಅವರು 2008ರಲ್ಲಿ ಎಂಎಲ್‌ಗಾಗಿ ರಚಿಸಿದ ಮಿಕ್ಸ್‌ಎಂಎಲ್ ಎಂಬುದೂ ತೋರಿಸಿದ್ದ ಬೇರೊಂದು ದಾರಿ ಇದ್ದಿತು: ಒಂದು ಭಾಗದಲ್ಲಿ ತೆರವಾಗಿ ಬಿಟ್ಟ ಹೆಸರಿಗೆ ಇನ್ನೊಂದು ಭಾಗದಲ್ಲಿರುವ ಅದೇ ಹೆಸರಿನ ವಸ್ತು ತಾನಾಗಿ ಬಂದು ಕೂಡಿಕೊಳ್ಳುವ ಮಿಶ್ರಣ. ಫಂಕ್ಟರಿಗೆ ಪ್ರಮಾಣಗಳನ್ನು ಒಂದೊಂದಾಗಿ ಹೆಸರಿಸಿ ಕೊಡಬೇಕು, ಷೇರಿಂಗ್ ನಿಬಂಧನೆಗಳನ್ನು ಬರೆಯಬೇಕು. ಮಿಶ್ರಣದಲ್ಲಿ ಹೆಸರು ಒಂದಾದರೆ ವಸ್ತುವೂ ಒಂದೇ. ಎರಡು ಪ್ಯಾಕೇಜುಗಳು ಸ್ಟ್ರ ಎಂಬ ಒಂದೇ ಹೆಸರಿನ ಸಿಗ್ನೇಚರನ್ನು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಬರೆದುಕೊಂಡಿದ್ದರೆ, ಅವೆರಡನ್ನೂ ಬಳಸುವವನ ಬಳಿಯಲ್ಲಿ ಆ ಎರಡೂ ಸಿಗ್ನೇಚರುಗಳು ಬೆರೆತು ದೊಡ್ಡದೊಂದು ಸಿಗ್ನೇಚರಾಗುತ್ತದೆ. ಎಂಎಲ್ ಜನರು ಹತ್ತು ವರ್ಷ ಹೆಣಗಿದ ಅಭಿನ್ನತೆಯ ಪ್ರಶ್ನೆಗೆ ಇಲ್ಲಿ ಬರೆಯುವವನ ಕಡೆಯಿಂದ ಒಂದು ಪದವೂ ಬೇಕಾಗುವುದಿಲ್ಲ. ಒಂದೇ ಪ್ಯಾಕೇಜನ್ನು ಒಂದೇ ಮಾಡ್ಯೂಲಿನಿಂದ ಎಲ್ಲಿ ಭರ್ತಿ ಮಾಡಿದರೂ ದೊರೆಯುವ ಟೈಪು ಒಂದೇ ಎಂಬ ಲೆರ್ವಾ ಪಕ್ಷವನ್ನು ಬ್ಯಾಕ್‌ಪ್ಯಾಕ್ ಎತ್ತಿಹಿಡಿಯಿತು. ಹ್ಯಾಸ್ಕೆಲ್ ಶುದ್ಧ ಭಾಷೆಯಾದುದರಿಂದ ಅದಕ್ಕೆ ಆಕ್ಷೇಪವೂ ಇರಲಿಲ್ಲ.

ಪ್ರಬಂಧವನ್ನು ಯಂತ್ರದ ಮೇಲಿಳಿಸುವ ದೀರ್ಘಶ್ರಮ ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿದ್ದ ಎಡ್ವರ್ಡ್ ಯಾಂಗ್ ಅವರದು. ಮೂಲ ಯೋಜನೆಯನ್ನು ಅವರು ಒಂದು ಮುಖ್ಯವಾದ ವಿಷಯದಲ್ಲಿ ಪರಿಷ್ಕರಿಸಿದರು. ಪ್ಯಾಕೇಜೆಂದರೇನೆಂಬುದು ಕಂಪೈಲರಿಗೆ ತಿಳಿದಿರಬೇಕಾದುದಲ್ಲ, ಕ್ಯಾಬಲ್ ಎಂಬ ಪ್ಯಾಕೇಜ್ ನಿರ್ವಾಹಕಕ್ಕೆ ತಿಳಿದಿರಬೇಕಾದುದು; ಟೈಪುಗಳೆಂದರೇನೆಂಬುದು ಕ್ಯಾಬಲ್‌ಗೆ ಬೇಡ, ಕಂಪೈಲರಿಗೆ ಬೇಕು. ಆದುದರಿಂದ ಯಾವ ತೆರವಿಗೆ ಯಾವ ಮಾಡ್ಯೂಲೆಂಬ ಜೋಡಣೆಯನ್ನು ಕ್ಯಾಬಲ್ ಮೊದಲು ಹೆಸರುಗಳ ಆಧಾರದ ಮೇಲೆಯೇ ಮಾಡಿ ಮುಗಿಸುತ್ತದೆ. ಆ ಜೋಡಣೆ ಟೈಪುಗಳಿಗೆ ಸಮ್ಮತವೋ ಎಂದು ಕಂಪೈಲರು ಅನಂತರ ಪರೀಕ್ಷಿಸುತ್ತದೆ. ಪ್ಯಾಕೇಜಿನ ವಿವರಣ ಕಡತದಲ್ಲಿ "ಮಿಕ್ಸಿನ್ಸ್" ಎಂಬ ಕಲಮಿನಡಿ ಬರೆಯುವ ಈ ಜೋಡಣೆಯನ್ನು ನೋಡಿದಾಗ ಮೆಸಾದ ಕಿರುಭಾಷೆ ನೆನಪಾಗದಿರದು. 2017ರ ಜುಲೈನಲ್ಲಿ ಜಿಎಚ್‌ಸಿ 8.2ರೊಡನೆಯೂ, ಅದನ್ನು ಹಿಂಬಾಲಿಸಿ ಬಂದ ಕ್ಯಾಬಲ್ 2.0ರೊಡನೆಯೂ ಬ್ಯಾಕ್‌ಪ್ಯಾಕ್ ಲೋಕಕ್ಕೆ ದೊರೆಯಿತು. ಯಾಂಗರ ಮಹಾಪ್ರಬಂಧವೂ ಅದೇ ವರ್ಷದ್ದು.

ಅದರ ನಡೆ ಹೀಗೆ. ರೆಗ್ಯುಲರ್ ಎಕ್ಸ್‌ಪ್ರೆಷನ್ ಪ್ಯಾಕೇಜಿನ ಲೇಖಕನು, ಒಂದು ಗೂಢ ಟೈಪೂ ತನಗೆ ಬೇಕಾದ ನಾಲ್ಕಾರು ಫಂಕ್ಷನ್ನುಗಳೂ ಇರುವ ಸಿಗ್ನೇಚರ್ ಕಡತವೊಂದನ್ನು ತನ್ನ ಪ್ಯಾಕೇಜಿನಲ್ಲಿ ಇಡುತ್ತಾನೆ. ಆ ಸಿಗ್ನೇಚರಿನ ಆಧಾರದ ಮೇಲೆ ಅವನ ಬರೆಹದ ಟೈಪುಗಳೆಲ್ಲ ಪರೀಕ್ಷೆಗೊಳ್ಳುತ್ತವೆ. ಯಂತ್ರಭಾಷೆ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಬಳಕೆದಾರನು ಬೈಟ್‌ಸ್ಟ್ರಿಂಗಿನ ಮಾಡ್ಯೂಲನ್ನು ಆ ತೆರವಿಗೆ ಕೂಡಿಸಿದಾಗ, ಪ್ಯಾಕೇಜು ಬೈಟ್‌ಸ್ಟ್ರಿಂಗಿಗೆಂದೇ ಬರೆದುದೋ ಎಂಬಂತೆ ಹೊಸದಾಗಿ ಕಂಪೈಲ್ ಆಗುತ್ತದೆ. ಆದುದರಿಂದ ಪರೋಕ್ಷ ಕರೆಗಳ ವೆಚ್ಚ ಯಾವುದೂ ಉಳಿಯುವುದಿಲ್ಲ. ಪ್ರತಿಯಾಗಿ, ಒಂದೊಂದು ಅನುಷ್ಠಾನಕ್ಕೂ ಒಂದೊಂದು ಸಲ ಕಂಪೈಲ್ ಮಾಡುವ ಕಾಲವನ್ನು ತೆರಬೇಕು. ಒಂದೇ ಪ್ರೋಗ್ರಾಮಿನಲ್ಲಿ ಅದೇ ಪ್ಯಾಕೇಜನ್ನು ಬೈಟ್‌ಸ್ಟ್ರಿಂಗಿಗೊಮ್ಮೆ, ಟೆಕ್ಸ್ಟಿಗೊಮ್ಮೆ ಭರ್ತಿ ಮಾಡಿ ಎರಡನ್ನೂ ಬಳಸುವುದಕ್ಕೂ ಅಡ್ಡಿಯಿಲ್ಲ. ಎಡ್ವರ್ಡ್ ಕ್ಮೆಟ್ ಅವರು ಈ ಗುಣವನ್ನು ಬಳಸಿಕೊಂಡು, ಕೀಲಿಯ ಟೈಪನ್ನು ಸಿಗ್ನೇಚರಾಗಿ ಬಿಟ್ಟು, ಮರದ ಕೋಶಗಳಲ್ಲಿ ಕೀಲಿಗಳನ್ನು ನೇರವಾಗಿ ಹುದುಗಿಸುವ ಮ್ಯಾಪ್ ರಚನೆಗಳನ್ನು ಮಾಡಿ ತೋರಿಸಿದರು.

ಇಷ್ಟೆಲ್ಲ ಆದರೂ ಬ್ಯಾಕ್‌ಪ್ಯಾಕ್ ಹ್ಯಾಸ್ಕೆಲ್ ಜನರ ದಿನಬಳಕೆಗೆ ಬರಲಿಲ್ಲ. ಕಾರಣಗಳು ಸಿದ್ಧಾಂತಕ್ಕೆ ಸಂಬಂಧಪಟ್ಟುವಲ್ಲ. ಕ್ಯಾಬಲ್‌ನಂತೆಯೇ ಪ್ರಚಾರದಲ್ಲಿದ್ದ ಸ್ಟ್ಯಾಕ್ ಎಂಬ ಉಪಕರಣ ವರ್ಷಗಟ್ಟಲೆ ಇದಕ್ಕೆ ಎಡೆಕೊಡಲಿಲ್ಲ. ತನ್ನ ಬಳಕೆದಾರರಲ್ಲಿ ಅರೆಪಾಲನ್ನು ಕಳೆದುಕೊಳ್ಳಲು ಯಾವ ಪ್ಯಾಕೇಜಿನ ಪಾಲಕನೂ ಸಿದ್ಧನಿರಲಿಲ್ಲ. ಯಾಂಗ್ ಅವರು ಪೈಟಾರ್ಚ್ ಎಂಬ ಬೇರೊಂದು ದೊಡ್ಡ ಕಾರ್ಯದಲ್ಲಿ ನಿರತರಾದರು. ಎಲ್ಲಕ್ಕಿಂತ ಮುಖ್ಯವಾಗಿ, ಕರಾರು ಬರೆದವನೊಬ್ಬನಿದ್ದರೆ ಸಾಲದು, ಅದೇ ಕರಾರಿಗೆ ಒಪ್ಪುವ ಎರಡು ಮೂರು ಅನುಷ್ಠಾನಗಳು ಮೊದಲೇ ಸಿದ್ಧವಿರಬೇಕು. ಹ್ಯಾಸ್ಕೆಲ್‌ನ ಮೂಲ ಪ್ಯಾಕೇಜುಗಳ ಹೆಸರುಗಳೂ ಟೈಪುಗಳೂ ಅಲ್ಲಲ್ಲಿ ಸ್ವಲ್ಪ ಸ್ವಲ್ಪವೇ ಬೇರೆಯಾಗಿದ್ದು, ಪ್ರತಿಯೊಂದಕ್ಕೂ ನಡುವೆ ಹೊಂದಿಕೆಯ ಮಾಡ್ಯೂಲೊಂದನ್ನು ಬರೆಯುವ ಶ್ರಮ ಬಳಕೆದಾರನ ಮೇಲೆ ಬೀಳುತ್ತಿದ್ದಿತು.

ಓಕ್ಯಾಮಲ್‌ನ ಕಡೆ ಕಥೆ ಬೇರೆಯಾಗಿ ನಡೆಯಿತು. ಅಲ್ಲಿ ಅಗತ್ಯ ಮೊದಲು, ಸಾಧನ ಆಮೇಲೆ. ನೆಟ್‌ವರ್ಕಿನ ಪದರಗಳನ್ನು ಫಂಕ್ಟರುಗಳಾಗಿ ಕಟ್ಟುವ ಯೋಚನೆ ಹಳೆಯದೇ: ಕಾರ್ನೆಗಿ ಮೆಲನ್‌ನ ಫಾಕ್ಸ್ ಯೋಜನೆಯಲ್ಲಿ ಸ್ಟ್ಯಾಂಡರ್ಡ್ ಎಂಎಲ್‌ನಿಂದ ರಚಿಸಿದ ಟಿಸಿಪಿಯನ್ನು ಎಡೋಆರ್ಡೋ ಬಿಯಾಜೋನಿ ಅವರು 1994ರಲ್ಲಿ ವರ್ಣಿಸಿದ್ದರು. ಅದು ಪ್ರದರ್ಶನವಾಗಿ ನಿಂತಿತು. ಕೇಂಬ್ರಿಜ್‌ನಲ್ಲಿ ಅನಿಲ್ ಮಾಧವಪೆದ್ದಿ ಮತ್ತು ಸಂಗಡಿಗರು ರೂಪಿಸಿದ ಮಿರಾಜ್ ಓಎಸ್, ಅದರ ಮೊದಲ ಪೂರ್ಣ ಆವೃತ್ತಿ 2013ರ ಡಿಸೆಂಬರಿನಲ್ಲಿ ಬಂದಾಗ, ಅದೇ ಯೋಚನೆಯನ್ನು ಕೆಲಸಕ್ಕೆ ಹಚ್ಚಿತು. ಅದರಲ್ಲಿ ನೆಟ್‌ವರ್ಕ್ ಉಪಕರಣಕ್ಕೆ ಒಂದು ಸಿಗ್ನೇಚರ್, ಗಡಿಯಾರಕ್ಕೆ ಒಂದು, ದತ್ತಾಂಶ ಸಂಗ್ರಹಕ್ಕೆ ಒಂದು. ಈಥರ್ನೆಟ್ಟಿನ ಮೇಲೆ ಐಪಿ, ಐಪಿಯ ಮೇಲೆ ಟಿಸಿಪಿ, ಅದರ ಮೇಲೆ ಬಳಕೆದಾರನ ಪ್ರೋಗ್ರಾಮು, ಎಲ್ಲವೂ ಫಂಕ್ಟರುಗಳೇ. ಬರೆಯುವಾಗ ತನ್ನ ಮೇಜಿನ ಮೇಲಿನ ಯುನಿಕ್ಸ್ ಯಂತ್ರದಲ್ಲಿ ಸಾಧಾರಣ ಪ್ರೋಗ್ರಾಮಾಗಿ ಓಡಿಸಿ ದೋಷಗಳನ್ನು ತಿದ್ದಿ, ಕಡೆಗೆ ಅನುಷ್ಠಾನಗಳನ್ನು ಬದಲಿಸಿ ಕಂಪೈಲ್ ಮಾಡಿದರೆ, ಅದೇ ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಮಿನ ಹಂಗಿಲ್ಲದೆ ಜೆನ್ ಹೈಪರ್‌ವೈಸರಿನ ಮೇಲೆ ನೇರವಾಗಿ ಓಡುತ್ತದೆ. ಈ ತಂಡದಿಂದ ಹುಟ್ಟಿದ ಸಂಸ್ಥೆಯನ್ನು 2016ರಲ್ಲಿ ಡಾಕರ್ ಕೊಂಡುಕೊಂಡಿತು; ಮ್ಯಾಕ್ ಯಂತ್ರಗಳಿಗಾಗಿ ಡಾಕರ್ ಹೊರತಂದ ತಂತ್ರಾಂಶದಲ್ಲಿ ನೆಟ್‌ವರ್ಕನ್ನು ನಿರ್ವಹಿಸುವ ಭಾಗ ಮಿರಾಜ್‌ನ ಈ ಟಿಸಿಪಿ ಲೈಬ್ರರಿಯನ್ನೇ ಬಳಸಿಕೊಂಡಿತು. ಸಿಗ್ನೇಚರೆಂಬುದನ್ನು ಕೇಳಿಯೇ ಇರದ ಅಸಂಖ್ಯ ಜನರ ಯಂತ್ರಗಳಲ್ಲಿ ಫಂಕ್ಟರುಗಳು ಹೀಗೆ ದುಡಿಯತೊಡಗಿದುವು.

ಆದರೆ ಫಂಕ್ಟರುಗಳ ಮೇಲೆ ಫಂಕ್ಟರುಗಳನ್ನು ಪೇರಿಸುತ್ತ ಹೋದರೆ ಅವುಗಳನ್ನು ಅನ್ವಯಿಸುವ ಸಾಲುಗಳೇ ಒಂದು ಪ್ರೋಗ್ರಾಮಿನಷ್ಟಾಗುತ್ತವೆ. ಮಿರಾಜ್ ಜನರು ಆ ಸಾಲುಗಳನ್ನು ಯಂತ್ರದಿಂದಲೇ ಬರೆಯಿಸುವ ಫಂಕ್ಟೋರಿಯಾ ಎಂಬ ಉಪಕರಣವನ್ನು ಕಟ್ಟಬೇಕಾಯಿತು. ಇಡೀ ಪ್ರೋಗ್ರಾಮಿಗೆ ಒಮ್ಮೆ ಮಾತ್ರ ಆರಿಸಬೇಕಾದ ವಿಷಯಗಳಿಗೆ ಇಷ್ಟು ಆಡಂಬರ ಬೇಡವೆಂದು ಕಂಡಿದ್ದರಿಂದ, ಡ್ಯೂನ್ ಎಂಬ ಕಟ್ಟುವ ಸಾಧನದ 1.7ನೆಯ ಆವೃತ್ತಿಯಲ್ಲಿ, 2019ರಲ್ಲಿ, ವರ್ಚುಯಲ್ ಲೈಬ್ರರಿಗಳೆಂಬ ಏರ್ಪಾಡು ಬಂದಿತು: ಲೈಬ್ರರಿ ತನ್ನ ಸಿಗ್ನೇಚರನ್ನು ಮಾತ್ರ ಪ್ರಕಟಿಸುತ್ತದೆ, ಅನುಷ್ಠಾನವನ್ನು ಕಡೆಯಲ್ಲಿ ಲಿಂಕ್ ಮಾಡುವಾಗ ಆರಿಸುತ್ತಾರೆ. ಹ್ಯಾಷ್ ಲೆಕ್ಕಹಾಕುವ ಡೈಜೆಸ್ಟಿಫ್ ಎಂಬ ಪ್ಯಾಕೇಜಿಗೆ ಹೀಗೆ ಎರಡು ಅನುಷ್ಠಾನಗಳುಂಟು. ವೇಗ ಬೇಕಾದೆಡೆ ಸಿ ಭಾಷೆಯದು, ಸಿ ಇಲ್ಲದೆಡೆ ಓಕ್ಯಾಮಲ್‌ನದು. ಒಂದು ಪ್ರೋಗ್ರಾಮಿನಲ್ಲಿ ಒಂದು ವರ್ಚುಯಲ್ ಲೈಬ್ರರಿಗೆ ಒಂದೇ ಅನುಷ್ಠಾನವಿರತಕ್ಕದ್ದೆಂಬ ಮಿತಿ ಇದಕ್ಕುಂಟು, ಬ್ಯಾಕ್‌ಪ್ಯಾಕ್‌ಗೆ ಇಲ್ಲ. ಸಾಮರ್ಥ್ಯದಲ್ಲಿ ಡ್ಯೂನಿನದು ಚಿಕ್ಕ ಸಾಧನ, ಆದರೆ ಬಳಕೆಗೆ ಬಂದುದು ಅದೇ.

ಮಾಡ್ಯೂಲುಗಳನ್ನು ಸಾಧಾರಣ ಬೆಲೆಗಳಂತೆ ಓಟದ ಕಾಲದಲ್ಲಿ ಕೊಟ್ಟು ತೆಗೆದುಕೊಳ್ಳುವ ಅನುಕೂಲ ಓಕ್ಯಾಮಲ್‌ಗೆ 2010ರಲ್ಲಿ ಬಂದಿತು. ಮಾಡ್ಯೂಲ್ ಭಾಷೆಗೂ ಬೆಲೆಗಳ ಭಾಷೆಗೂ ಇರುವ ಅಂತರವನ್ನೇ ಅಳಿಸಿದ ರಾಸ್‌ಬರ್ಗರ 1ಎಂಎಲ್ 2015ರದು. ಇವುಗಳ ಸ್ವಾರಸ್ಯ ಬೇರೆ; ಪ್ಯಾಕೇಜುಗಳ ಪ್ರಶ್ನೆಗೆ ಅವು ನೇರವಾಗಿ ಸೇರಿದುವಲ್ಲ.

ಎರಡು ಪರಂಪರೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ನಿರ್ಣಯ ಇಷ್ಟು. ವಿನ್ಯಾಸದ ದೃಷ್ಟಿಯಿಂದ ಬ್ಯಾಕ್‌ಪ್ಯಾಕ್ ಈ ಕ್ಷೇತ್ರದ ಅತ್ಯಂತ ಪಕ್ವವಾದ ಕೃತಿ. ಅದು ಸೋತುದು ತನ್ನ ದೋಷದಿಂದಲ್ಲ, ಭರ್ತಿ ಮಾಡುವುದಕ್ಕೆ ಬೇಕಾದ ಅನುಷ್ಠಾನಗಳು ಒಂದೇ ಅಳತೆಗೆ ಒದಗದೆ ಹೋದುದರಿಂದ. ಅದು ಇಂದಿಗೂ ಜಿಎಚ್‌ಸಿಯಲ್ಲಿಯೂ ಕ್ಯಾಬಲ್‌ನಲ್ಲಿಯೂ ಸುರಕ್ಷಿತವಾಗಿಯೇ ಇದೆ. ಹ್ಯಾಸ್ಕೆಲ್‌ನಲ್ಲಿ ಪ್ಯಾಕೇಜುಗಳನ್ನು ಪಾಲಿಸುತ್ತಿರುವ ಓದುಗರು ಯಾರಾದರೂ ಇದ್ದರೆ, ಅವರಲ್ಲಿ ನಮ್ಮದೊಂದು ಬಿನ್ನಹ: ಒಂದೇ ಕೆಲಸಕ್ಕೆ ಎರಡು ಪ್ಯಾಕೇಜುಗಳಿರುವ ಕಡೆ, ಮೂರನೆಯದನ್ನು ಬರೆಯುವ ಮೊದಲು, ಆ ಎರಡಕ್ಕೂ ಒಪ್ಪುವ ಸಿಗ್ನೇಚರೊಂದನ್ನು ಪ್ರತ್ಯೇಕ ಪ್ಯಾಕೇಜಾಗಿ ಪ್ರಕಟಿಸಿರಿ.